‘ಕಂದಕದಲ್ಲಿ ನಾಸ್ತಿಕರಿಲ್ಲ’: ಈ ಮಾತನ್ನು ಒರೆಗೆ ಹಚ್ಚುವ ಬಗೆ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆ ಕೆಣಕುವುದು ಆಸ್ತಿಕನನ್ನು. ಸುಖದಲ್ಲಿ ಮರೆತಿದ್ದವನಿಗೆ ಈಗ ನೆನಪಾಯಿತೇ ಎಂದು ಅದು ಚುಚ್ಚುತ್ತದೆ. ‘ಕಂದಕದಲ್ಲಿ (ಸೈನಿಕ ರಣರಂಗದಲ್ಲಿ ಅವಿತುಕೊಳ್ಳಲು ಅಗೆದ ಗುಂಡಿಯಲ್ಲಿ) ನಾಸ್ತಿಕರಿಲ್ಲ’ ಎಂಬ ಇಂಗ್ಲಿಷ್ ಮೂಲದ ಮಾತು ಕೆಣಕುವುದು ನಂಬದವನನ್ನು. ನಿನ್ನ ನಾಸ್ತಿಕತೆ ತಲೆಯ ಮೇಲೆ ಶೆಲ್ ಬೀಳುವವರೆಗೆ ಮಾತ್ರ ಎನ್ನುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲೇ ಇದರ ರೂಪಗಳು ಚಾಲ್ತಿಯಲ್ಲಿದ್ದವು. 1942ರಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿದ್ದ ಪಾದ್ರಿ ವಿಲಿಯಂ ಕಮಿಂಗ್ಸ್ ಅವರ ಹೆಸರಿಗೆ ಅದು ಅಂಟಿಕೊಂಡಿತು. 1954ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ತಮ್ಮ ಭಾಷಣದಲ್ಲಿ ಅದನ್ನೇ ಸತ್ಯವೆಂಬಂತೆ ಹೇಳಿದರು. ಹಾಗಾಗಿ ಮೊದಲು ಗುರುತು ಹಾಕಿಕೊಳ್ಳಬೇಕಾದದ್ದು ಮಾತು ಯಾರದು ಎಂಬುದನ್ನು. ಇದನ್ನು ಹರಡಿದವರು ಹೆಚ್ಚಾಗಿ ಪಾದ್ರಿಗಳು, ರಾಜಕಾರಣಿಗಳು, ಪತ್ರಕರ್ತರು. ನಂಬದ ಸೈನಿಕ ತನ್ನ ಬಗ್ಗೆ ಏನು ಹೇಳುತ್ತಾನೆ ಎಂಬುದು ಬೇರೆಯೇ ವಿಚಾರಣೆ.

ಆ ವಿಚಾರಣೆಗೆ ಇಳಿಯುವ ಮುನ್ನ ಪ್ರಶ್ನೆಯನ್ನು ನಾಲ್ಕಾಗಿ ಒಡೆಯಿರಿ. ಬಾಯಿಂದ ಜಾರಿದ ‘ಅಯ್ಯೋ ದೇವರೇ’ ಒಂದು. ಉದ್ದೇಶವಿಟ್ಟು ಮಾಡಿದ ಪ್ರಾರ್ಥನೆ ಇನ್ನೊಂದು. ದೇವರಿದ್ದಾನೆ ಎಂಬ ತೀರ್ಮಾನ ಮೂರನೆಯದು. ಮನೆಗೆ ಮರಳಿದ ಮೇಲೂ ಉಳಿದ ಧಾರ್ಮಿಕ ಬದುಕು ನಾಲ್ಕನೆಯದು. ಇವುಗಳಲ್ಲಿ ಒಂದಕ್ಕೆ ಸಿಕ್ಕ ಪುರಾವೆಯನ್ನು ಇನ್ನೊಂದರ ಖಾತೆಗೆ ಬರೆಯುವುದೇ ಎಲ್ಲರೂ ಮಾಡುವ ತಪ್ಪು. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ದೊಡ್ಡ ಸಮೀಕ್ಷೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು 1949ರಲ್ಲಿ ಅದನ್ನು ಪ್ರಕಟಿಸಿದರು. ಸೇನೆಯ ಅನುಭವದಿಂದ ದೇವರ ಮೇಲಿನ ನಂಬಿಕೆ ಹೆಚ್ಚಿತೇ ಎಂದು ಕೇಳಿದಾಗ ಬಹುಪಾಲು ಮಂದಿ ಹೌದೆಂದರು. ಧರ್ಮಶ್ರದ್ಧೆ ಹೆಚ್ಚಿತೇ, ಕಡಿಮೆಯಾಯಿತೇ ಎಂದು ಕೇಳಿದಾಗ ಹೆಚ್ಚಿದವರೂ ಕಡಿಮೆಯಾದವರೂ ಹೆಚ್ಚುಕಡಿಮೆ ಸರಿಸಮ. ಪದ ಬದಲಾಯಿತು, ಫಲಿತಾಂಶವೂ ಬದಲಾಯಿತು.

ಇನ್ನು ‘ನಾಸ್ತಿಕ’ ಎಂದು ಯಾರನ್ನು ಎಣಿಸುತ್ತೀರಿ? ದೇವರಿಲ್ಲ ಎಂದು ಯೋಚಿಸಿ ತೀರ್ಮಾನಿಸಿದವನು, ಗೊತ್ತಿಲ್ಲ ಎನ್ನುವವನು, ಹೆಸರಿಗೊಂದು ಧರ್ಮ ಇಟ್ಟುಕೊಂಡು ಅದರ ಗೊಡವೆಗೇ ಹೋಗದವನು, ಈ ಮೂವರನ್ನೂ ಬೇರೆಬೇರೆ ಕಾಲಮ್ಮಿಗೆ ಹಾಕಿ. ಕಂದಕದಲ್ಲಿ ‘ಬದಲಾದ’ವರ ಕಥೆಗಳನ್ನು ಕೆದಕಿದರೆ ಮೂರನೆಯ ಬಗೆಯವನೇ ಸಿಗುವ ಸಂಭವ ಹೆಚ್ಚು. ಅವನು ಹಳೆಯ ರೂಢಿಗೆ ಮರಳಿದವನೇ ಹೊರತು ಪಕ್ಷ ಬದಲಿಸಿದವನಲ್ಲ. ದಾಖಲೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನಿಕನ ಕೊರಳ ಗುರುತಿನ ಬಿಲ್ಲೆಯ ಮೇಲೆ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಎಂಬುದಕ್ಕೆ ಒಂದೊಂದು ಅಕ್ಷರ ಇರುತ್ತಿತ್ತು. ಅಕ್ಷರವಿದ್ದ ಮಾತ್ರಕ್ಕೆ ಅವನು ಆಸ್ತಿಕನಲ್ಲ, ಜಾಗ ಖಾಲಿಯಿದ್ದ ಮಾತ್ರಕ್ಕೆ ನಾಸ್ತಿಕನೂ ಅಲ್ಲ.

ಅಂಕಿಗಳನ್ನು ಓದುವಾಗ ಎಡವುವ ಜಾಗ ಇದು. ಅದೇ ಯುದ್ಧದ ಸೈನಿಕರ ಉತ್ತರಗಳನ್ನು ಮರುವಿಶ್ಲೇಷಿಸಿದ 2013ರ ಪ್ರಬಂಧವೊಂದು, ಕದನ ಬಿರುಸಾದಂತೆ ಪ್ರಾರ್ಥನೆಯನ್ನು ಆಶ್ರಯಿಸಿದವರ ಪಾಲು ಶೇ. 42ರಿಂದ ಶೇ. 72ಕ್ಕೆ ಏರಿತು ಎಂದಿತು. ಈ ಅಂಕಿಯನ್ನು ನಾಸ್ತಿಕರ ಬದಲಾವಣೆಗೆ ಸಾಕ್ಷಿಯಾಗಿ ತರುವವರಿದ್ದಾರೆ. ಆದರೆ ಅಲ್ಲಿ ಎಣಿಸಿರುವುದು ಎಲ್ಲ ಸೈನಿಕರನ್ನು, ಅವರಲ್ಲಿ ಹೆಚ್ಚಿನವರು ಮೊದಲೇ ನಂಬಿದ್ದವರು. ಅಳೆದಿರುವುದು ಪ್ರಾರ್ಥನೆಯನ್ನು, ನಂಬಿಕೆಯನ್ನಲ್ಲ. ಉತ್ತರಿಸಿದವರೆಲ್ಲ ಬದುಕುಳಿದವರು, ಪ್ರಾರ್ಥಿಸಿಯೂ ಸತ್ತವನು, ಪ್ರಾರ್ಥಿಸದೆಯೇ ಸತ್ತವನು ಇಬ್ಬರೂ ಲೆಕ್ಕದಲ್ಲಿಲ್ಲ. ಜೊತೆಗೆ, ಲೇಖಕರಲ್ಲೊಬ್ಬರ ಬೇರೆ ಹಲವು ಪ್ರಬಂಧಗಳು ಆಮೇಲೆ ಹಿಂಪಡೆಯಲ್ಪಟ್ಟಿವೆ. ಹಾಗಾಗಿ ಆ ಶೇಕಡಾವಾರಿನ ಮೇಲೆ ದೊಡ್ಡ ವಾದವನ್ನೇ ಕಟ್ಟದಿರುವುದು ಜಾಣತನ.

ಪ್ರಯೋಗಾಲಯದ ಸಾಕ್ಷ್ಯ ಇದಕ್ಕಿಂತ ಸ್ವಾರಸ್ಯಕರ. ಜೊನಾಥನ್ ಜಾಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಸಾವನ್ನು ನೆನಪಿಸಿ, ಆಮೇಲೆ ಎರಡು ಬಗೆಯಲ್ಲಿ ಅಳೆದರು. ನೇರವಾಗಿ ಕೇಳಿದಾಗ ಆಸ್ತಿಕರು ಇನ್ನಷ್ಟು ಆಸ್ತಿಕರಾದರು, ನಂಬದವರು ಇನ್ನಷ್ಟು ಖಚಿತವಾಗಿ ‘ಇಲ್ಲ’ ಎಂದರು. ಆದರೆ ದೇವರು ಇದ್ದಾನೋ ಇಲ್ಲವೋ ಎಂದು ಗುಂಡಿ ಒತ್ತಿ ಹೇಳಬೇಕಾದಾಗ ನಂಬದವರ ಬೆರಳು ‘ಇಲ್ಲ’ದತ್ತ ಸಾಗಲು ಹೆಚ್ಚು ಹೊತ್ತು ತೆಗೆದುಕೊಂಡಿತು. ಬಾಯಿ ಗಟ್ಟಿ, ಬೆರಳು ತಡವರಿಕೆ! ಈ ತಡವರಿಕೆಯನ್ನು ‘ಒಳಗೊಳಗೇ ನಂಬಿದ್ದರು’ ಎಂದು ಅನುವಾದಿಸಬೇಡಿ. ಬಾಲ್ಯದಿಂದ ಕೇಳಿದ್ದು ಚಕ್ಕನೆ ಎದ್ದುಬರುತ್ತದೆ, ಅದನ್ನು ತಳ್ಳಲು ಅರೆಕ್ಷಣ ಬೇಕಾಗುತ್ತದೆ. ಅಷ್ಟನ್ನೇ ಓದಿದರೂ ಫಲಿತಾಂಶ ಕೂಡಿಬರುತ್ತದೆ. ಕುರ್ಚಿಯಲ್ಲಿ ಕೂತು ಸಾವನ್ನು ನೆನೆಯುವುದಕ್ಕೂ ಫಿರಂಗಿಯ ಕೆಳಗೆ ಮಲಗುವುದಕ್ಕೂ ಇರುವ ದೂರವನ್ನೂ ಮರೆಯಬಾರದು.

ಉಲ್ಟಾ ದಿಕ್ಕನ್ನು ಹುಡುಕದೆ ಕೆಲಸ ಮುಗಿಯುವುದಿಲ್ಲ. ಯುದ್ಧದ ಮಾನಸಿಕ ಆಘಾತಕ್ಕೆ ಚಿಕಿತ್ಸೆ ಪಡೆಯಲು ಬಂದಿದ್ದ ಅಮೆರಿಕದ ಮಾಜಿ ಸೈನಿಕರ ಬಗ್ಗೆ ಫೊಂಟಾನಾ ಮತ್ತು ರೋಸೆನ್‌ಹೆಕ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಂದದ್ದು ಮತ್ತು ಸಾವನ್ನು ತಡೆಯಲಾಗದೆ ಹೋದದ್ದು ಶ್ರದ್ಧೆಯನ್ನು ಸಡಿಲಗೊಳಿಸಿದ್ದು ಕಂಡುಬಂತು. ಇತ್ತ 2019ರ ಇನ್ನೊಂದು ಅಧ್ಯಯನ ಸಿಯೆರಾ ಲಿಯೋನ್, ಉಗಾಂಡಾ, ತಜಿಕಿಸ್ತಾನಗಳಲ್ಲಿ ಯುದ್ಧದ ಏಟು ಹೆಚ್ಚು ತಿಂದವರು ಧಾರ್ಮಿಕ ಗುಂಪುಗಳಲ್ಲಿ, ಆಚರಣೆಗಳಲ್ಲಿ ಹೆಚ್ಚು ತೊಡಗಿದ್ದನ್ನು ತೋರಿಸಿತು. ಇವೆರಡರ ನಡುವೆ ಜಗಳವಿಲ್ಲ. ಒಂದು ನೋಡಿದ್ದು ಶ್ರದ್ಧೆಯ ಬಲವನ್ನು, ಇನ್ನೊಂದು ನೋಡಿದ್ದು ಜನರೊಂದಿಗೆ ಕೂಡಿಕೊಳ್ಳುವುದನ್ನು.

ಮಾಜಿ ಸೈನಿಕರನ್ನು ನೀವೇ ಮಾತಾಡಿಸುವುದಾದರೆ ‘ಆಗ ದೇವರನ್ನು ನೆನೆದಿರಾ?’ ಎಂದು ಶುರುಮಾಡಲೇಬೇಡಿ. ಆ ಪ್ರಶ್ನೆ ಉತ್ತರವನ್ನು ಕೈಹಿಡಿದು ಕರೆತರುತ್ತದೆ. ಒಂದೂವರೆ ಗಂಟೆ ಬಿಡುವಿಟ್ಟುಕೊಳ್ಳಿ. ಜಾಗ, ಹೊತ್ತು, ಪಕ್ಕದಲ್ಲಿ ಯಾರಿದ್ದರು, ಕೈಯಲ್ಲಿ ಏನಿತ್ತು ಎಂಬಲ್ಲಿಂದ ಆರಂಭಿಸಿ. ಆಮೇಲೆ ‘ಆಗ ಬಾಯಲ್ಲಿ ಏನು ಬಂತು, ಮನಸ್ಸಿನಲ್ಲಿ ಏನು ಓಡುತ್ತಿತ್ತು, ಯಾರನ್ನು ಉದ್ದೇಶಿಸಿ?’ ಎಂದು ಕೇಳಿ. ಅಮ್ಮ, ಹೆಂಡತಿ, ಬಂದೂಕಿಗೆ ಉಳಿದ ಗುಂಡಿನ ಮ್ಯಾಗಜೀನ್‌ಗಳ ಎಣಿಕೆ, ರೇಡಿಯೋ ಸೆಟ್ಟಿನ ಚಿಂತೆ, ಏನು ಬಂದರೂ ತಿದ್ದದೆ ಬರೆದುಕೊಳ್ಳಿ. ನಂಬಿಕೆಯ ಪ್ರಶ್ನೆ ಕಟ್ಟಕಡೆಗೆ, ಅದೂ ಮೂರು ಕಾಲಕ್ಕೆ ಬೇರೆಬೇರೆ: ಸೇನೆ ಸೇರುವ ಮುಂಚೆ, ಆ ಗಳಿಗೆಯಲ್ಲಿ, ಈಗ. ಈಗ ಭಕ್ತನಾಗಿರುವವನು ಹಿಂದಿನದನ್ನು ಭಕ್ತಿಯ ಬಣ್ಣದಲ್ಲೇ ನೆನೆಯುತ್ತಾನೆ. ಈಗ ನಾಸ್ತಿಕನಾಗಿರುವವನು ಒಂದು ಪ್ರಾರ್ಥನೆಯನ್ನು ಮರೆತಿರಲೂಬಹುದು. ಕೆಲವು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಯಾವ ಉತ್ತರ ಅಲುಗಾಡುತ್ತದೆ ಎಂಬುದು ತಿಳಿಯುತ್ತದೆ. ಉಸಿರು ಬಿಗಿಯಾದರೆ, ಕೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ.

ಹಳೆಯ ಪತ್ರಗಳು ಸಿಕ್ಕರೆ ಅದೃಷ್ಟ, ಆದರೆ ಯಾರಿಗೆ ಬರೆದದ್ದು ಎಂದು ನೋಡಿ. ತಾಯಿಗೆ ಬರೆದ ‘ದಿನವೂ ಪ್ರಾರ್ಥಿಸುತ್ತೇನೆ’ ಎಂಬ ಸಾಲು ತಾಯಿಯ ಸಮಾಧಾನಕ್ಕೆ ಬರೆದದ್ದಾಗಿರಬಹುದು. ಸತ್ತವನ ಕೊನೆಯ ಮಾತನ್ನು ಅವನ ತಂದೆತಾಯಿಗೆ ತಲುಪಿಸಿದ ಗೆಳೆಯನ ಸಾಕ್ಷ್ಯಕ್ಕೂ ಇದೇ ಎಚ್ಚರ ಬೇಕು. ದಿನಚರಿ ಇದಕ್ಕಿಂತ ಮೇಲು.

‘ಯಾರೂ ಇಲ್ಲ’ ಎಂಬ ವಾದವನ್ನು ಉರುಳಿಸಲು ತರ್ಕದ ಲೆಕ್ಕದಲ್ಲಿ ಒಬ್ಬ ಸಾಕು, ಅವನನ್ನು ಹುಡುಕುವುದು ಕಷ್ಟವೂ ಅಲ್ಲ. ಅಮೆರಿಕನ್ ಫುಟ್‌ಬಾಲ್ ಆಟ ಬಿಟ್ಟು ಅಮೆರಿಕದ ಸೇನೆ ಸೇರಿ 2004ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಪ್ಯಾಟ್ ಟಿಲ್‌ಮನ್ ಧಾರ್ಮಿಕನಾಗಿರಲಿಲ್ಲ ಎಂದು ಶ್ರದ್ಧಾಂಜಲಿ ಸಭೆಯಲ್ಲೇ ಅವರ ತಮ್ಮ ಹೇಳಿದರು. ನೆದರ್ಲೆಂಡ್ಸ್ ಸೇನೆಯಲ್ಲಿ 1964ರಿಂದ ಪಾದ್ರಿಗಳ ಜೊತೆಗೆ ದೇವರನ್ನು ನಂಬದವರಿಗಾಗಿ ಮಾನವತಾವಾದಿ ಸಲಹೆಗಾರರೂ ಇದ್ದಾರೆ. ಇಷ್ಟಾದರೂ ಬರೆಯುವಾಗ ‘ನಾಸ್ತಿಕರು ಅಲುಗಾಡುವುದೇ ಇಲ್ಲ’ ಎಂಬ ಎದುರು ಗಾದೆಯನ್ನು ಕಟ್ಟಬೇಡಿ. ‘ಇಂತಿಷ್ಟು ಜನರಲ್ಲಿ ಇಷ್ಟು ಮಂದಿ ಗುಂಡಿನ ನಡುವೆ ಪ್ರಾರ್ಥಿಸಿದರು, ಅವರಲ್ಲಿ ಇಷ್ಟು ಮಂದಿ ಮೊದಲು ನಂಬಿರಲಿಲ್ಲ, ಇಷ್ಟು ಮಂದಿ ಈಗಲೂ ನಂಬುವುದಿಲ್ಲ’ ಎಂದು ಮೂರು ಅಂಕಿಗಳನ್ನೂ ಒಂದೇ ವಾಕ್ಯದಲ್ಲಿಡಿ. ಮೊದಲನೆಯದನ್ನಷ್ಟೇ ಕತ್ತರಿಸಿ ತಲೆಬರಹ ಮಾಡುವವರಿಗೆ ಆಗ ಸ್ವಲ್ಪ ಕಷ್ಟವಾಗುತ್ತದೆ.