ಎಸಿ ಗ್ಯಾಸ್ ಸುಮ್ನೆ ಖಾಲಿ ಆಗೋದಿಲ್ಲ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಎಸಿ ಮೆಕ್ಯಾನಿಕ್‌ಗಳು ಫೋನ್ ಎತ್ತುವುದಿಲ್ಲ. ಎತ್ತಿದರೂ 'ನಾಳಿ ಬರ್ತೀನ್ರೀ' ಅನ್ನುತ್ತಾರೆ. ಆ ನಾಳೆ ಯಾವ ವಾರದ್ದು ಅಂತ ಹೇಳುವುದಿಲ್ಲ. ಬಂದವರು ರಿಮೋಟ್ ಒತ್ತಿ, ಗಾಳಿಗೆ ಕೈ ಹಿಡಿದು ನೋಡಿ, ಹೆಚ್ಚಾಗಿ ಹೇಳುವುದು ಒಂದೇ ಮಾತು: 'ಸರ, ಗ್ಯಾಸ್ ಕಮ್ಮಿ ಆಗ್ಯಾದ್ರೀ. ತುಂಬಿಸಬೇಕ್ರೀ.' ಹೊರಗೆ 43 ಡಿಗ್ರಿ, ಒಳಗೆ ವಯಸ್ಸಾದ ಅವ್ವ. ಆಗ ಯಾರು ವಾದ ಮಾಡ್ತಾರೆ? ತುಂಬಿಸ್ರಿ ಅಂತೀವಿ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು, ಮತ್ತೆ ಅದೇ ಖರ್ಚು.

ನಮ್ಮ ಓಣಿಯಲ್ಲಿ ಹೀಗೆ ವರ್ಷ ವರ್ಷ ಗ್ಯಾಸ್ ತುಂಬಿಸುವ ಮನೆಗಳಿವೆ. ನಮ್ಮ ಮನೆಯಲ್ಲಿ ಎರಡು ಎಸಿ ಇವೆ. ಅವುಗಳನ್ನು ನಾನು ಹೇಗೆ ನೋಡಿಕೊಳ್ಳುತ್ತೇನೆ, ಮೆಕ್ಯಾನಿಕ್ ಬಂದಾಗ ಏನೇನು ಕೇಳುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಈ ಕೆಲಸ ಕಲಿತವನಲ್ಲ. ಆದರೆ ಯಾರಾದರೂ ಮನೆಗೆ ರಿಪೇರಿಗೆ ಬಂದರೆ ಪಕ್ಕದಲ್ಲೇ ನಿಂತು 'ಇದೇನು, ಅದ್ಯಾಕೆ' ಅಂತ ಕೇಳುವ ಚಟ ಇದೆ. ತಿಳಿದಿದ್ದೆಲ್ಲ ಹಾಗೆ ತಿಳಿದಿದ್ದು.

ಮೊದಲು ಗ್ಯಾಸಿನ ವಿಷಯ ಮುಗಿಸೋಣ. ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ಮುಗಿಯುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಳಗಿನ ಯೂನಿಟ್ಟಿನ ಕಾಯಿಲ್‌ನಲ್ಲಿ (ಮಡಚಿ ಕೂಡಿಸಿದ ಪೈಪು) ದ್ರವ ಆವಿಯಾಗುತ್ತಾ ಕೋಣೆಯ ಬಿಸಿ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಬಿಸಿ ಬಿಟ್ಟು, ಮತ್ತೆ ದ್ರವವಾಗಿ ವಾಪಸ್ ಬರುತ್ತದೆ. ಸೋರಿಕೆ ಇಲ್ಲದಿದ್ದರೆ ಕಂಪನಿಯವರು ತುಂಬಿದ ಗ್ಯಾಸೇ ಎಸಿ ಬಾಳುವಷ್ಟು ದಿನ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಆದ್ದರಿಂದ ನನ್ನ ಮೊದಲ ಪ್ರಶ್ನೆ ರೇಟಿನದ್ದಲ್ಲ. 'ಎಲ್ಲಿಂದ ಹೋಗ್ಯಾದ, ತೋರಸ್ರಿ' ಅಂತಲೇ ಶುರು ಮಾಡುತ್ತೇನೆ.

ನಮ್ಮ ಬೆಡ್‌ರೂಮಿನ ಎಸಿಯಲ್ಲಿ ಒಮ್ಮೆ ನಿಜವಾಗಿಯೂ ಗ್ಯಾಸ್ ಹೋಗಿತ್ತು. ಗಾಳಿ ಬರುತ್ತಿತ್ತು, ತಂಪು ಇರಲಿಲ್ಲ. ಹೊರಗಿನ ಯೂನಿಟ್ಟಿಗೆ ತಾಮ್ರದ ಪೈಪು ಸೇರುವ ಜಾಗದಲ್ಲಿ ಎರಡು ಹಿತ್ತಾಳೆ ನಟ್‌ಗಳಿರುತ್ತವೆ, ಫ್ಲೇರ್ ನಟ್ ಅಂತಾರೆ. ಅದರಲ್ಲಿ ದಪ್ಪನೆಯದರ ಸುತ್ತ ಕಪ್ಪಗೆ ಜಿಡ್ಡು ಕಟ್ಟಿತ್ತು. ಪಕ್ಕದ ನಟ್ ಬರೀ ಒಣ ಧೂಳು. ನಾನು ತೋರಿಸಿದಾಗ ಮೆಕ್ಯಾನಿಕ್ ಭಾಯಿ ನಕ್ಕರು. 'ಅದೇ ನೋಡ್ರಿ ಸರ, ಗ್ಯಾಸಿನ ಕೂಡ ಆಯಿಲ್ ಭೀ ಸುತ್ತತದ. ಗ್ಯಾಸ್ ಹೋದ ಕಡೆ ಆಯಿಲ್ ಹತ್ತತದ, ಅದಕ್ಕ ಧೂಳು ಹತ್ತತದ.' ಸೋಪಿನ ನೀರು ಹಚ್ಚಿದರು. ಸಣ್ಣ ಸಣ್ಣ ಗುಳ್ಳೆ ಒಂದೊಂದಾಗಿ ಉಬ್ಬಿ ಒಡೆಯತೊಡಗಿದವು. ಪೈಪಿನ ತುದಿ ಅಗಲಿಸಿದ್ದರಲ್ಲ, ಅಲ್ಲೇ ಕೂದಲಿನಷ್ಟು ಸೀಳು ಬಿಟ್ಟಿತ್ತು. ಹೊಸ ಎಸಿ ಕೂಡಿಸಿದವರು ನಟ್ ಅನ್ನು ಜಾಸ್ತಿ ಬಿಗಿ ಮಾಡಿದ್ದರ ಫಲ ಅಂದರು ಭಾಯಿ.

ಆಮೇಲಿನ ಕೆಲಸವನ್ನು ಅವರು ಮಾಡಿದ ರೀತಿಯೇ ಈಗ ನನಗೆ ಅಳತೆ. ಉಳಿದ ಗ್ಯಾಸ್ ತೆಗೆದು, ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು. ನೈಟ್ರೋಜನ್ ತುಂಬಿ ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ಕಾದರು. ಮತ್ತೆ ಸೋಪಿನ ನೀರು. ಮುಳ್ಳು ಅಲುಗಲಿಲ್ಲ ಅಂತಾದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ, ಚಹಾ ಕುಡಿಯುತ್ತಾ ಕೂತರು. ಈ ವ್ಯಾಕ್ಯೂಮ್ ಅನ್ನೋದನ್ನೇ ಅವಸರದವರು ಬಿಟ್ಟುಬಿಡುತ್ತಾರೆ. ಪೈಪಿನೊಳಗೆ ಗಾಳಿ, ತೇವ ಉಳಿದರೆ ಒತ್ತಡ ಏರುತ್ತದೆ, ಕಂಪ್ರೆಸರಿನ ಆಯಿಲ್ ಕೆಡುತ್ತದೆ. ಅದರ ಫಲ ಕಾಣುವುದು ಎಷ್ಟೋ ತಿಂಗಳ ಮೇಲೆ. ಆಗ ಯಾರನ್ನು ಕೇಳೋದು?

ಕೊನೆಗೆ ತೂಕ. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಗ್ಯಾಸ್ ಬಾಟ್ಲಿಯನ್ನು ತಕ್ಕಡಿ ಮೇಲೆ ಇಟ್ಟು ಅಷ್ಟೇ ಬಿಡಬೇಕು. ಬಹಳ ಜನ ಬರೀ ಮೀಟರ್ ನೋಡಿ ತುಂಬುತ್ತಾರೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗ ಬದಲಾದ ಹಾಗೆ ಒತ್ತಡವೂ ಬದಲಾಗುತ್ತದೆ, ಹಾಗಾಗಿ ಮೀಟರ್ ಒಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಗ್ಯಾಸಿನ ಜಾತಿಯೂ ಮುಖ್ಯ. ಹಳೆಯ ಎಸಿಗಳಲ್ಲಿ ಆರ್-22, ನಡುವಿನವುಗಳಲ್ಲಿ ಆರ್-410ಎ, ಈಗಿನ ಬಹುಪಾಲು ಎಸಿಗಳಲ್ಲಿ ಆರ್-32. ಒಂದರಲ್ಲಿ ಇನ್ನೊಂದು ತುಂಬುವ ಹಾಗಿಲ್ಲ. ಆರ್-32ಗೆ ಸ್ವಲ್ಪ ಬೆಂಕಿ ಹತ್ತುವ ಗುಣ ಇದೆ. ಆದ್ದರಿಂದ ಪೈಪು ಬೆಸೆಯುವುದಿದ್ದರೆ ಒಳಗಿನ ಗ್ಯಾಸ್ ಪೂರ್ತಿ ತೆಗೆದಿದ್ದಾರಾ ಅಂತ ಕೇಳುತ್ತೇನೆ, ಕಿಟಕಿ ತೆರೆಯುತ್ತೇನೆ, ಬೀಡಿ ಸಿಗರೇಟು ಹೊರಗೆ ಅಂತೀನಿ.

ತಂಪು ಕಡಿಮೆ ಆದಾಗೆಲ್ಲ ಗ್ಯಾಸೇ ಕಾರಣ ಅಂತೇನಿಲ್ಲ. ನಮ್ಮೂರಲ್ಲಂತೂ ಮೊದಲ ಶತ್ರು ಧೂಳು. ಕರಿಮಣ್ಣಿನ ನಾಡು, ಸಾಲದ್ದಕ್ಕೆ ಊರ ತುಂಬ ತೊಗರಿಬೇಳೆ ಮಿಲ್ಲುಗಳು. ಹೊರಗಿನ ಯೂನಿಟ್ಟಿನ ಬೆನ್ನ ಕಡೆ ನೋಡಿದರೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು, ಹೊಟ್ಟು ಸೇರಿ ಕಂಬಳಿ ಹೊದೆಸಿದಂತೆ ಇರುತ್ತದೆ. ಅದು ಬಿಸಿ ಹೊರಗೆ ಬಿಡದಿದ್ದರೆ ಒಳಗೆ ತಂಪು ಎಲ್ಲಿಂದ ಬರಬೇಕು? ಒಳಗಿನ ಜಾಳಿಗೆಯನ್ನು (ಫಿಲ್ಟರ್) ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಾನೇ ನಲ್ಲಿ ಕೆಳಗೆ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕುತ್ತೇನೆ. ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿದರೂ ಮೊದಲು ಜಾಳಿಗೆ ನೋಡಬೇಕು. ಗಾಳಿ ಆಡದಿದ್ದರೂ ಐಸ್ ಕಟ್ಟುತ್ತದೆ, ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ಐಸ್ ಕಂಡ ತಕ್ಷಣ ಗ್ಯಾಸ್ ಅಂದುಬಿಡುವವರು ಬಹಳ.

ನಾನು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು, ಜ್ವರದ್ದಲ್ಲ. ಎಸಿಯನ್ನು ಕಾಲು ಗಂಟೆ ಜೋರಾಗಿ ಓಡಿಸಿ, ಮೇಲೆ ಗಾಳಿ ಒಳಗೆ ಹೋಗುವ ಕಡೆ ಒಮ್ಮೆ, ಕೆಳಗೆ ಹೊರಬರುವ ಕಡೆ ಒಮ್ಮೆ ಹಿಡಿಯುತ್ತೇನೆ. ನಮ್ಮ ಒಣ ಬೇಸಿಗೆಯಲ್ಲಿ 10 ಡಿಗ್ರಿ ಆಸುಪಾಸು ವ್ಯತ್ಯಾಸ ಇದ್ದರೆ ಮಶೀನು ತನ್ನ ಕೆಲಸ ಮಾಡುತ್ತಿದೆ. ಆದರೂ ಕೋಣೆ ತಂಪಾಗದಿದ್ದರೆ ದೋಷ ಹೆಚ್ಚಾಗಿ ಎಸಿಯದ್ದಲ್ಲ, ಕೋಣೆಯದ್ದು.

ಮೇಲಿನ ಮಹಡಿಯಲ್ಲಿರುವ ನಮ್ಮ ಬೆಡ್‌ರೂಮಿನ ಕಥೆ ಅದೇ. 1 ಟನ್ ಅಂದರೆ ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಲೆಕ್ಕ) ಬಿಸಿ ಹೊರಹಾಕುವ ಶಕ್ತಿ, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಆದರೆ ಆ ಲೆಕ್ಕ ಕಟ್ಟುವುದು ಹೊರಗೆ 35 ಡಿಗ್ರಿ ಇದ್ದಾಗ. ನಮ್ಮ ಮೇ ತಿಂಗಳಿಗೆ 35 ಅಂದರೆ ತಂಪು ದಿನ! ಹೊರಗೆ ಬಿಸಿ ಏರಿದಷ್ಟೂ ಎಸಿಯ ಶಕ್ತಿ ಇಳಿಯುತ್ತದೆ. ಅದರ ಮೇಲೆ ದಿನವಿಡೀ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಾದರೂ ಬಿಸಿ ಸುರಿಸುತ್ತಿರುತ್ತದೆ. ಅಂಗಡಿಯವರು 1.5 ಬದಲು 2 ಟನ್ ತಗೊಳ್ಳಿ ಅಂದರು. ನಾನು 1.5 ಟನ್ನೇ ತಂದು, ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿದೆ. ಸುಣ್ಣ ಬಳಿದರೂ ನಡೆಯುತ್ತದೆ, ಆದರೆ ಮಳೆಗಾಲ ಕಳೆದರೆ ಮತ್ತೆ ಬಳಿಯಬೇಕು. ನನ್ನ ಮಟ್ಟಿಗೆ ಎಸಿಗೆ ಹಾಕಿದ ದುಡ್ಡಿಗಿಂತ ಈ ಬಣ್ಣದ ದುಡ್ಡು ಹೆಚ್ಚು ಸಾರ್ಥಕ.

ಅಂದಹಾಗೆ, ಕೂಲರ್ ಮಾರಿಲ್ಲ. ಏಪ್ರಿಲ್-ಮೇನ ಒಣ ಗಾಳಿಯಲ್ಲಿ ಹಗಲು ಕೂಲರೇ ಸಾಕು, ಕರೆಂಟೂ ಕಡಿಮೆ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಅದು ಬರೀ ಜಿಗುಟು. ಕೂಲರಿಗೆ ಕಿಟಕಿ ತೆರೆದಿರಬೇಕು, ಎಸಿಗೆ ಮುಚ್ಚಿರಬೇಕು. ಎರಡನ್ನೂ ಒಟ್ಟಿಗೆ ಹಾಕುವವರನ್ನು ನೋಡಿದ್ದೇನೆ. ಕೂಲರ್ ಗಾಳಿಗೆ ತೇವ ತುಂಬುತ್ತದೆ, ಎಸಿ ಕೂತು ಅದನ್ನು ಹಿಂಡುತ್ತದೆ. ಮಜಾ ಎಸ್ಕಾಂಗೆ.

ಕರೆಂಟಿನ ಮಾತು ಬಂತಲ್ಲ, ಗೃಹಜ್ಯೋತಿ ಇರುವ ಮನೆಯವರು ಇದನ್ನು ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. 1.5 ಟನ್ ಎಸಿ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ. 2020ರಿಂದ ಸ್ಟಾರ್ ಚೀಟಿ ಇರುವ ಹೊಸ ಎಸಿಗಳೆಲ್ಲ 24 ಡಿಗ್ರಿಗೇ ಶುರುವಾಗುವಂತೆ ಬರುತ್ತವೆ. ನಾವೂ ಅಲ್ಲೇ ಬಿಟ್ಟು ಫ್ಯಾನ್ ಹಾಕಿಕೊಳ್ಳುತ್ತೇವೆ. ಸ್ಟಾರ್ ಚೀಟಿಯಲ್ಲಿರುವ ವರ್ಷದ ಯೂನಿಟ್ ಲೆಕ್ಕ 1600 ಗಂಟೆಗೆ ಕಟ್ಟಿದ್ದು. ನಿಮ್ಮ ಮನೆಯ ಗಂಟೆಗೆ ತಕ್ಕಂತೆ ನೀವೇ ಗುಣಿಸಿಕೊಳ್ಳಿ.

ಹಾಲ್‌ನಲ್ಲಿರುವುದು ಹಳೆಯ, ಇನ್ವರ್ಟರ್ ಅಲ್ಲದ ಎಸಿ. ಒಂದು ಮಧ್ಯಾಹ್ನ ಹೊರಗಿನ ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ ಮಾತ್ರ ಗುಂಯ್ ಅಂದು ಬಂದ್ ಆಗುತ್ತಿದೆ. ಬಂದ ಒಬ್ಬರು ಕಂಪ್ರೆಸರ್ ಸುಟ್ಟಿದೆ, ಹೊಸ ಎಸಿಯೇ ತಗೊಳ್ಳಿ ಅಂದರು. ಎರಡನೇ ಅಭಿಪ್ರಾಯಕ್ಕೆ ಭಾಯಿಯನ್ನು ಕರೆಸಿದೆ. ಕೆಪಾಸಿಟರ್, ಅಂದರೆ ಕಂಪ್ರೆಸರ್ ಶುರುವಾಗಲು ಕರೆಂಟಿನ ನೂಕು ಕೊಡುವ ಸಣ್ಣ ಡಬ್ಬಿ, ಉಬ್ಬಿತ್ತು. ಕೆಲವೇ ನೂರು ರೂಪಾಯಿಯ ಮಾಲು. ಬದಲಿಸಿದರು, ಓಡಿತು. ಇದನ್ನು ಓದಿ ನೀವೇ ಮುಚ್ಚಳ ಬಿಚ್ಚಲು ಹೋಗಬೇಡಿ. ಮೇನ್ ಆಫ್ ಮಾಡಿದರೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ತಂಪಿನ ಮಾತಾಯ್ತು, ಬಿಸಿ ಅಂದರೆ ನಮ್ಮಲ್ಲಿ ಗೀಸರ್ ಅಷ್ಟೇ. ಬೋರಿನ ಗಡಸು ನೀರು ಹೀಟರ್ ರಾಡಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಒಳಗೆ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಇನ್ನೊಂದು ಕಡ್ಡಿ ಇರುತ್ತದೆ, ಆನೋಡ್ ಅಂತಾರೆ. ಅದನ್ನು ಚಳಿಗಾಲಕ್ಕೆ ಮುಂಚೆ ಬಿಚ್ಚಿಸಿ ನೋಡಿಸುತ್ತೇನೆ. ಸರ್ವಿಸಿಗೆ ಬಂದವರು ತಾವಾಗಿ ಅದರ ಹೆಸರು ಎತ್ತಿದ್ದನ್ನು ನಾನು ಕಂಡಿಲ್ಲ.

ಇನ್ನು ಎಸಿಯ ವರ್ಷದ ಗುತ್ತಿಗೆ, ಎಎಂಸಿ. ಎರಡು ಬಗೆ. ಒಂದರಲ್ಲಿ ಬರೀ ತೊಳೆಯುವುದು, ನೋಡುವುದು. ಇನ್ನೊಂದರಲ್ಲಿ ಬಿಡಿಭಾಗವೂ ಸೇರಿರುತ್ತದೆ. ಎರಡನೆಯದು ಅಂತ ಹೇಳಿ ಕೊಟ್ಟರೂ ಗ್ಯಾಸ್, ಕಾಯಿಲ್, ಪಿಸಿಬಿ (ಎಸಿಯ ಎಲೆಕ್ಟ್ರಾನಿಕ್ ಬೋರ್ಡ್) ಈ ಮೂರು ಸೇರಿವೆಯಾ ಅಂತ ಕಾಗದದಲ್ಲಿ ಹುಡುಕಬೇಕು, ಬಾಯಿಮಾತು ಬೇಡ. 'ಕಂಪ್ರೆಸರಿಗೆ 10 ವರ್ಷ ವಾರಂಟಿ' ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕಂಪ್ರೆಸರ್ ಬದಲಿಸುವಾಗ ಹಾಕುವ ಗ್ಯಾಸಿನ, ಕೂಲಿಯ ಖರ್ಚು ಯಾರದ್ದು ಅನ್ನೋದು ಸಣ್ಣ ಅಕ್ಷರದಲ್ಲಿ. ನಾನು ಬಿಡಿಭಾಗದ ಗುತ್ತಿಗೆ ತಗೊಂಡಿಲ್ಲ. ವಾರಂಟಿ ಮುಗಿದ ಎಸಿಗೆ ಭಾಯಿಯ ವರ್ಷಕ್ಕೆರಡು ವಾಟರ್ ಸರ್ವಿಸ್ ಸಾಕಾಗಿದೆ. ಪಂಪಿನಲ್ಲಿ ತೊಳೆದ ಮೇಲೆ ಒಂದು ಚೆಂಬು ನೀರನ್ನು ಒಳಗಿನ ಟ್ರೇಗೆ ಹಾಕಿಸಿ, ಹೊರಗಿನ ಪೈಪಿನಲ್ಲಿ ಸರಾಗವಾಗಿ ಬೀಳುತ್ತದಾ ಅಂತ ನೋಡುತ್ತೇನೆ. ಬೀಳದಿದ್ದರೆ ಆ ನೀರು ಮುಂದೆ ಗೋಡೆ ಮೇಲೆ ಇಳಿಯುತ್ತದೆ.

ಎರಡರಲ್ಲಿ ಮೊದಲ ಸರ್ವಿಸನ್ನು ಫೆಬ್ರವರಿಯಲ್ಲೇ ಮಾಡಿಸುತ್ತೇನೆ, ಶಿವರಾತ್ರಿ ಆಸುಪಾಸು. ಆಗ ಭಾಯಿಗೂ ಕೆಲಸ ಕಡಿಮೆ, ತಕ್ಕಡಿ, ವ್ಯಾಕ್ಯೂಮ್ ಪಂಪ್ ಎಲ್ಲ ಗಾಡಿಯಲ್ಲೇ ಇರುತ್ತವೆ, ಕೂತು ಚಹಾ ಕುಡಿಯುವಷ್ಟು ಪುರುಸೊತ್ತೂ ಇರುತ್ತದೆ. ಏಪ್ರಿಲ್‌ನಲ್ಲಿ ಅವರೂ ನನ್ನ ಫೋನ್ ಎತ್ತುವುದಿಲ್ಲ.