ರಾಹುಕಾಲಕ್ಕೆ ಮುಂಚೆ ಮಾರಿ ಕೈ ಸುಟ್ಟುಕೊಂಡೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತೇನೆ. ಸೆನ್ಸೆಕ್ಸ್ ಅಂದರೆ ಮುಂಬೈ ಷೇರುಪೇಟೆಯ ಮೂವತ್ತು ದೊಡ್ಡ ಕಂಪನಿಗಳ ಸೂಚ್ಯಂಕ; ಅದು ಏರಿಳಿದಂತೆ ಏರಿಳಿಯುವ ಇಂಡೆಕ್ಸ್ ಫಂಡ್ ಒಂದರಲ್ಲಿ ತಿಂಗಳಿಗಿಷ್ಟು ಅಂತ ಎಸ್‌ಐಪಿ ಕಟ್ಟುತ್ತೇನೆ. ನನ್ನ ಷೇರುಪೇಟೆ ಅಷ್ಟೇ.

2024ರ ಜೂನ್ 4, ಮಂಗಳವಾರ. ಲೋಕಸಭೆ ಚುನಾವಣೆಯ ಮತ ಎಣಿಕೆ. ಹಿಂದಿನ ದಿನ ಎಕ್ಸಿಟ್ ಪೋಲ್ ನಂಬಿ ಸೆನ್ಸೆಕ್ಸ್ ಎರಡೂವರೆ ಸಾವಿರ ಅಂಕ ಹಾರಿತ್ತು, ಟಿವಿಯಲ್ಲಿ ಗೂಳಿ ಕುಣಿದಿದ್ದೇ ಕುಣಿದಿದ್ದು. ಅವತ್ತು ನೋಡಿದರೆ ಪರದೆ ಪೂರ್ತಿ ಕೆಂಪು, 'ರಕ್ತದೋಕುಳಿ', 'ಲಕ್ಷಾಂತರ ಕೋಟಿ ಸ್ವಾಹಾ', ಹಿಂದೆ ಢಂ ಢಂ ಅಂತ ಸದ್ದು ಬೇರೆ. ಮಧ್ಯಾಹ್ನ ಊಟಕ್ಕೆ ಹೋದಾಗ ನಮ್ಮ ಮಾವ ಕ್ಯಾಲೆಂಡರ್ ಮುಂದೆ ನಿಂತಿದ್ದರು.

"ಅಳಿಯಂದ್ರೇ, ಮೂರಕ್ಕೆ ರಾಹುಕಾಲ ಶುರು. ನಾಡಿದ್ದು ಅಮಾವಾಸ್ಯೆ. ಇನ್ನೂ ಬೀಳುತ್ತೆ, ಮಾರಿಬಿಡಿ."

ಫಂಡ್ ಮಾರಿದರೆ ಅವತ್ತಿನ ಎನ್‌ಎವಿ, ಅಂದರೆ ಪೇಟೆ ಮುಗಿದ ಮೇಲೆ ನಿಗದಿಯಾಗುವ ಯೂನಿಟ್ ರೇಟು, ಸಿಗುವುದಕ್ಕೂ ಮೂರು ಗಂಟೆಯೇ ಗಡುವು. ಬಲಗೈ ಸಾರನ್ನದಲ್ಲಿತ್ತು, ಎಡಗೈಯಲ್ಲೇ ಮೊಬೈಲ್ ಒತ್ತಿ 1,20,000 ರೂಪಾಯಿಯದ್ದು ಮಾರಿಬಿಟ್ಟೆ.

ಅವತ್ತು ಸೆನ್ಸೆಕ್ಸ್ 4,390 ಅಂಕ ಬಿದ್ದು 72,079ಕ್ಕೆ ನಿಂತಿತು, ನನಗೆ ಸಿಕ್ಕಿದ್ದೂ ಆ ಬಿದ್ದ ರೇಟೇ. ಬುಧವಾರ 2,303 ಏರಿತು. ಗುರುವಾರ ಅಮಾವಾಸ್ಯೆ, ಅವತ್ತೂ 692 ಏರಿತು. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು, ಪೇಟೆ ನಡೆಯುವ ಹೊತ್ತಲ್ಲೇ ಬರುತ್ತೆ ನೋಡಿ, ಅವತ್ತು 1,618 ಏರಿ 76,693! ಮುಂದಿನ ವಾರ ಅಷ್ಟೇ ಯೂನಿಟ್ ವಾಪಸ್ ಕೊಳ್ಳಲು ಕೈಯಿಂದ ಏಳು ಸಾವಿರ ಚಿಲ್ಲರೆ ಹೋಯಿತು. ಮನೆಯವಳಿಗೆ ಐದು ಅಂತ ಹೇಳಿದ್ದೇನೆ.

ಹೊಟ್ಟೆ ಉರಿದು ಒಂದು ಹಳೇ ಲೆಕ್ಕದ ಪುಸ್ತಕ ತೆಗೆದೆ. ಸೆನ್ಸೆಕ್ಸ್‌ನ ದೊಡ್ಡ ದೊಡ್ಡ ಕುಸಿತಗಳನ್ನು ಬರೆದು ಪಕ್ಕದಲ್ಲಿ ವಾರ, ರಾಹುಕಾಲ ಹಾಕುತ್ತಾ ಹೋದೆ. ಕೊರೊನಾ ಕಾಲದ 2020ರ ಮಾರ್ಚ್ 23, ಒಂದೇ ದಿನ 13 ಪರ್ಸೆಂಟ್ ಕುಸಿತ. ಸೋಮವಾರ. ರಾಹುಕಾಲ ಒಂಬತ್ತಕ್ಕೇ ಮುಗಿದಿತ್ತು, ಪೇಟೆ ತೆರೆಯುವುದೇ ಒಂಬತ್ತೂ ಕಾಲಿಗೆ. ಪಾಪ, ರಾಹುವಿನ ತಪ್ಪೇನೂ ಇಲ್ಲ.

ಅಂಕಗಳ ಪಕ್ಕ ಪರ್ಸೆಂಟ್ ಬರೆಯುವುದನ್ನೂ ಆಗಲೇ ಕಲಿತಿದ್ದು. 1992ರ ಏಪ್ರಿಲ್ 28ರಂದು, ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ ಮೇಲೆ, ಬಿದ್ದಿದ್ದು ಬರೀ 570 ಅಂಕ. ಆದರೆ ಅದು ಹೆಚ್ಚುಕಡಿಮೆ 13 ಪರ್ಸೆಂಟ್! ಈಗ 570 ಬಿದ್ದರೆ ಒಂದು ಪರ್ಸೆಂಟೂ ಆಗಲ್ಲ, ಆದರೂ ಟಿವಿಯಲ್ಲಿ 'ಮಹಾಪತನ'. ಜೂನ್ 4ರದ್ದು 5.74 ಪರ್ಸೆಂಟ್. ಸಣ್ಣದಲ್ಲ, ಒಪ್ಪುತ್ತೇನೆ.

ಇನ್ನು ಆ ಸ್ವಾಹಾ. ಅವತ್ತು 31 ಲಕ್ಷ ಕೋಟಿ ಅಂದರು. ಯಾರ ಜೇಬಿಗೆ ಹೋಯಿತು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ, ಉತ್ತರ ನಮ್ಮ ಮಂಡಿಯಲ್ಲೇ ಇತ್ತು. ಬೆಳಗ್ಗೆ ಹರಾಜಲ್ಲಿ 15 ಕೆಜಿ ಬಾಕ್ಸ್ ನಾನೂರಕ್ಕೆ ಹೋಯಿತು, ಮಾರನೇ ದಿನ ಮುನ್ನೂರಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಆಗ ಜಿಲ್ಲೆಯ ತೋಟಗಳಲ್ಲಿ ಇನ್ನೂ ಗಿಡದಲ್ಲೇ ಇರುವ ಕಾಯಿಯನ್ನೂ ಎಣಿಸಿ, ಬಾಕ್ಸಿಗೆ ನೂರರಂತೆ ಗುಣಿಸಿ, 'ರೈತರ ಇಷ್ಟು ಕೋಟಿ ಸ್ವಾಹಾ' ಅಂದ ಹಾಗೆ. ಷೇರಿನದ್ದೂ ಹಾಗೇ, ಮಾರದೆ ಇಟ್ಟುಕೊಂಡವರದ್ದನ್ನೂ ಸೇರಿಸಿದ ಲೆಕ್ಕ. ಅವತ್ತು ಮಾರಿದವನಿಗೆ ಮಾತ್ರ ಹೊಡೆತ ನಿಜ. ಅಂದರೆ ನನಗೆ.

ಈಗ ಎಸ್‌ಐಪಿ ದಿನ ಹಣ ತಾನಾಗಿ ಕಟ್ ಆಗುತ್ತೆ, ತಿಥಿ ನೋಡಲ್ಲ. ಟಿವಿಯಲ್ಲಿ ಕೆಂಪು ಕಂಡರೆ ಮೊದಲು ಕ್ಯಾಲ್ಕುಲೇಟರ್. ಮಾರಬೇಕು ಅನ್ನಿಸಿದರೆ ಪುಸ್ತಕದಲ್ಲಿ ಕಾರಣ ಬರೆದು ಒಂದು ವಾರ ಬಿಡುತ್ತೇನೆ. ಎರಡು ಸಲ ಬರೆದಿದ್ದೆ, ಎರಡನ್ನೂ ಆಮೇಲೆ ನಾನೇ ಹೊಡೆದು ಹಾಕಿದೆ.

ಮಾವ ಮಾತ್ರ ಬದಲಾಗಿಲ್ಲ. "ಅಮಾವಾಸ್ಯೆ ಕೆಟ್ಟದು ಅಂತೀರಲ್ಲ, ಮುಂಬೈನಲ್ಲಿ ದೀಪಾವಳಿ ಲಕ್ಷ್ಮೀಪೂಜೆಗೆ ಅಂತಾನೇ ಒಂದು ಗಂಟೆ ಮುಹೂರ್ತದ ವಹಿವಾಟು ಮಾಡ್ತಾರೆ, ಅದೂ ಅಮಾವಾಸ್ಯೆ ಅಲ್ವಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

"ಅದು ಲಕ್ಷ್ಮೀ ಬರೋ ಅಮಾವಾಸ್ಯೆ. ಬೇರೆ."