ನಾಲ್ಕು ಥ್ರೆಡ್ ಹಿಂದಕ್ಕೆ: ಕೆಟ್ಟ ಚೇಂಬರನ್ನು ಸರಿಪಡಿಸಿದ ಬಗೆ

ಅಮೆರಿಕದ ಒಹಾಯೊದಲ್ಲಿ ನಾನು ಕೊಂಡ ಹಳೆಯ ಬೋಲ್ಟ್ ರೈಫಲ್ಲಿಗೆ ಹಿಂದಿನ ಮಾಲೀಕರು .308 ವಿಂಚೆಸ್ಟರ್ ಎಂಬ ತೋಟೆಗೆ ತಕ್ಕ ನಳಿಗೆಯೊಂದನ್ನು ಹೊಸದಾಗಿ ಕೂರಿಸಿಕೊಂಡಿದ್ದರು. ಗುರಿಯಲ್ಲಿ ದೋಷವಿರಲಿಲ್ಲ. ಆದರೆ ಪ್ರತಿ ಗುಂಡು ಹಾರಿಸಿದ ಮೇಲೂ ಬೋಲ್ಟನ್ನು (ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿ) ಬಲವಾಗಿ ಎಳೆಯಬೇಕಾಗುತ್ತಿತ್ತು. ಹೊರಬಂದ ಖಾಲಿ ಕೇಸಿನ (ತೋಟೆಯ ಹಿತ್ತಾಳೆ ಕವಚ) ಬುಡದಿಂದ ಸ್ವಲ್ಪ ಮೇಲೆ ಬೆರಳಿಗೆ ತಾಗುವಂಥ ಉಬ್ಬು ಇರುತ್ತಿತ್ತು.

ನಾನೇ ತುಂಬಿದ ತೋಟೆಗಳಲ್ಲಿ ಮದ್ದು ಹೆಚ್ಚಾಗಿರಬಹುದೆಂದು ಮೊದಲು ಅನುಮಾನಿಸಿದೆ. ಕಾರ್ಖಾನೆಯ ತೋಟೆಗಳಲ್ಲೂ ಅದೇ ಉಬ್ಬು ಕಂಡಾಗ ಆ ಅನುಮಾನ ಬಿದ್ದುಹೋಯಿತು. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಲ್ಲಿ, ಅಳತೆಯ ಗೇಜುಗಳನ್ನಿಟ್ಟು ನೋಡಿದೆ: ಮುಚ್ಚಲೇಬೇಕಾದ 1.630 ಇಂಚಿನ ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಿತು, ಮುಚ್ಚಬಾರದ 1.634ರ ನೋ-ಗೋ ಗೇಜಿನ ಮೇಲೆ ಮುಚ್ಚಲಿಲ್ಲ. ಅಷ್ಟಕ್ಕೇ ಚೇಂಬರ್ ಸರಿಯಿದೆ ಎಂದುಕೊಂಡರೆ ಮೋಸಹೋಗುತ್ತೇವೆ, ಏಕೆಂದರೆ ಈ ಗೇಜುಗಳು ಬೋಲ್ಟಿನ ಮುಖದಿಂದ ಚೇಂಬರಿನ ಭುಜದವರೆಗಿನ (ಒಡಲು ಕುತ್ತಿಗೆಗೆ ಕಿರಿದಾಗುವ ಜಾಗ) ಉದ್ದವನ್ನಷ್ಟೇ ಪರೀಕ್ಷಿಸುತ್ತವೆ, ಅಗಲವನ್ನಲ್ಲ. ಬುಡದಿಂದ 0.200 ಇಂಚು ಮೇಲೆ ಮೈಕ್ರೋಮೀಟರ್ ಹಿಡಿದಾಗ ಹಾರಿಸಿದ ಕೇಸ್ 0.4735 ಇಂಚು ತೋರಿಸಿತು. ಆ ಜಾಗದಲ್ಲಿ ಚೇಂಬರಿನ ಪ್ರಮಾಣಿತ ಅಳತೆಯೇ ಸುಮಾರು 0.4714, ಹಿತ್ತಾಳೆ ಹಾರಿದ ಮೇಲೆ ತುಸು ಕುಗ್ಗುವುದರಿಂದ ಕೇಸ್ ಅದಕ್ಕಿಂತಲೂ ಸಣ್ಣದಿರಬೇಕಿತ್ತು.

ಅಲ್ಲಿಗೆ ಹಾರಿಸುವುದನ್ನು ನಿಲ್ಲಿಸಿ, ನಳಿಗೆಯನ್ನು ಬಿಚ್ಚಿ, ಚೇಂಬರಿನ ಮುಂದೆ ಬಟ್ಟೆ ತುರುಕಿ, ಸೆರೋಸೇಫ್ ಎಂಬ ಮಿಶ್ರಲೋಹವನ್ನು ಕರಗಿಸಿ ಅಚ್ಚು ತೆಗೆದೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುತ್ತದೆ. ಮೊದಲು ಕುಗ್ಗಿ, ಮತ್ತೆ ಹಿಗ್ಗಿ, ಎರಕ ಹೊಯ್ದ ಸುಮಾರು ಒಂದು ಗಂಟೆಗೆ ಚೇಂಬರಿನ ನಿಜವಾದ ಅಳತೆಗೆ ಬರುವುದರಿಂದ ಗಡಿಯಾರ ನೋಡಿಕೊಂಡೇ ಅಳೆಯಬೇಕು. ಅಚ್ಚಿನ ಹಿಂಭಾಗ 0.4744 ಇತ್ತು, ಅಂದರೆ ಮೂರು ಥೌ ಹೆಚ್ಚು (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ); ಮುಂದಕ್ಕೆ ಹೋದಂತೆ ಆ ಹೆಚ್ಚಳ ಇಳಿಯುತ್ತಾ ಕುತ್ತಿಗೆಯ ಬಳಿ ಇಲ್ಲವಾಗಿತ್ತು.

ಅಚ್ಚನ್ನು ಎಲ್ಲಿ ತಿರುಗಿಸಿ ಅಳೆದರೂ ಅದು ಗುಂಡಗೇ ಇತ್ತು, ಬೋರಿನ (ನಳಿಗೆಯಲ್ಲಿ ಗುಂಡು ಸಾಗುವ ರಂಧ್ರ) ನೇರಕ್ಕೇ ಇತ್ತು. ರೋಗ ಗೊತ್ತಾದದ್ದು ಇದರಿಂದಲೇ. ಲೇತಿನಲ್ಲಿ ತಿರುಗುವುದು ನಳಿಗೆ, ಚೇಂಬರ್ ಕೊರೆಯುವ ರೀಮರಲ್ಲ. ಟೇಲ್‌ಸ್ಟಾಕ್ (ಲೇತಿನ ಇನ್ನೊಂದು ತುದಿಯ ಆಧಾರ) ಒಂದೆರಡು ಥೌ ಪಕ್ಕಕ್ಕಿದ್ದು ರೀಮರನ್ನು ಅಲುಗಾಡದಂತೆ ಹಿಡಿದಿದ್ದರೆ, ಅದರ ಮುಂತುದಿಯನ್ನು ಪೈಲಟ್ (ದಾರಿ ಹಿಡಿಸುವ ಮೊನೆ) ಬೋರಿನ ಮಧ್ಯದಲ್ಲೇ ಇರಿಸಿದರೂ ಹಿಂತುದಿ ಪಕ್ಕಕ್ಕೆ ಒತ್ತಿಕೊಂಡು ರಂಧ್ರವನ್ನು ಗಂಟೆಯ ಬಾಯಿಯಂತೆ ಅಗಲಿಸುತ್ತದೆ. ನಳಿಗೆಯನ್ನೇ ಓರೆಯಾಗಿ ಕಟ್ಟಿದ್ದರೆ ಚೇಂಬರ್ ಬೋರಿಗೆ ಓರೆಯಾಗುತ್ತಿತ್ತು, ಆಗ ಇಡೀ ಚೇಂಬರನ್ನೇ ಕತ್ತರಿಸಿ ಎಸೆಯಬೇಕಾಗುತ್ತಿತ್ತು.

ಇದಕ್ಕೆ ಪರಿಹಾರವೆಂದರೆ ನಳಿಗೆಯ ಹಿಂತುದಿಯನ್ನು ಕತ್ತರಿಸಿ, ಅದರ ತಿರುಪಿನ ಸುತ್ತುಗಳ (ಥ್ರೆಡ್) ಲೆಕ್ಕದಲ್ಲಿ ಹಿಂದಕ್ಕೆ ಕೂರಿಸಿ, ಚೇಂಬರನ್ನು ಮತ್ತೆ ಕೊರೆಯುವುದು; ಆದರೆ ಒಂದು ಥ್ರೆಡ್ ಹಿಂದಕ್ಕೆ ಕೂರಿಸಿದರೆ ಸಾಕು ಎಂಬ ಸಲಹೆ ಇಲ್ಲಿ ನಡೆಯದು. ಈ ತೋಟೆಯ ಒಡಲು ಇಂಚಿಗೆ ಸುಮಾರು 0.012 ಇಂಚಿನಷ್ಟೇ ಕಿರಿದಾಗುತ್ತದೆ. ನನ್ನ ನಳಿಗೆಯಲ್ಲಿ ಇಂಚಿಗೆ 16 ಥ್ರೆಡ್ ಇರುವುದರಿಂದ ಒಂದು ಥ್ರೆಡ್ಡಿಗೆ ಮುಕ್ಕಾಲು ಥೌ ಮಾತ್ರ ದಕ್ಕುತ್ತದೆ. ಮೂರು ಥೌಗೆ ನಾಲ್ಕು ಥ್ರೆಡ್, ಅಂದರೆ ಕಾಲು ಇಂಚು ಬೇಕು. ಪೂರ್ಣ ಥ್ರೆಡ್ಡುಗಳ ಲೆಕ್ಕದಲ್ಲಿ ತೆಗೆದರೆ ನಳಿಗೆಯ ಮೇಲಿನ ಬರಹವೂ ತನ್ನ ಜಾಗಕ್ಕೇ ಮರಳುತ್ತದೆ.

ನಾಲ್ಕು ದವಡೆಯ ಚಕ್ಕಿನಲ್ಲಿ ನಳಿಗೆಯನ್ನು ಕಟ್ಟಿ, ಬೋರಿನೊಳಗೇ ಡಯಲ್ ಇಂಡಿಕೇಟರ್ ಇಳಿಸಿ, ಮುಳ್ಳು ಕಾಲು ಥೌಗಿಂತ ಕಡಿಮೆ ಅಲುಗುವವರೆಗೆ ಹೊಂದಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ಹಿಂತುದಿಯನ್ನು ಕಾಲು ಇಂಚು ಕತ್ತರಿಸಿ, ಥ್ರೆಡ್ಡನ್ನೂ ನಳಿಗೆಯ ಹೊರಭುಜವನ್ನೂ (ರೈಫಲ್ಲಿನ ಒಡಲಿಗೆ ತಾಗಿ ನಿಲ್ಲುವ ಅಂಚು) ಅಷ್ಟೇ ಮುಂದಕ್ಕೆ ಒಯ್ದ ಮೇಲೆ, ತುಸು ಅತ್ತಿತ್ತ ಸರಿಯಲು ಬಿಡುವ ತೇಲುವ ಹಿಡಿಕೆಯಲ್ಲಿ ರೀಮರ್ ಇಟ್ಟು, ನಿಧಾನದ ವೇಗದಲ್ಲಿ, ಎಣ್ಣೆ ಸುರಿಯುತ್ತಾ, ಐವತ್ತು ಥೌ ಇಳಿದಾಗಲೆಲ್ಲ ಹೊರತೆಗೆದು ಚೂರುಗಳನ್ನು ಒರೆಸಿದೆ. ಕೊನೆಯ ಹತ್ತು ಥೌಗಳಲ್ಲಿ ಎರಡು ಸಲ ನಿಲ್ಲಿಸಿ ಗೋ ಗೇಜಿನಿಂದ ನೋಡಿದೆ. (ಊರಿನಲ್ಲಿದ್ದಿದ್ದರೆ ಈ ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ, 1959ರ ಆಯುಧ ಕಾಯ್ದೆಯಡಿ ಕೋವಿ ದುರಸ್ತಿಗೂ ಪರವಾನಗಿ ಬೇಕು.)

ಹೊಸ ಚೇಂಬರಿನಿಂದ ಬಂದ ಮೊದಲ ಕೇಸ್ ಅದೇ ಜಾಗದಲ್ಲಿ 0.4706 ತೋರಿಸಿತು, ಬೋಲ್ಟ್ ಎರಡು ಬೆರಳಿಗೆ ಸರಿಯಿತು. ನಳಿಗೆ 24 ಇಂಚಿನಿಂದ 23.75ಕ್ಕೆ ಇಳಿದಿದೆ. ನಳಿಗೆಯ ದಪ್ಪ ಭಾಗ ಹಿಂದಕ್ಕೆ ಸರಿದುದರಿಂದ ಮರದ ಹಿಡಿಯ ಕಾಲುವೆಯಲ್ಲಿ ಸ್ವಲ್ಪ ಸಂದು ಉಳಿಯಿತು. ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.